ಬಾಳೆನಾರು ಸುತ್ತಿದ ಉಂಡೆ

"ಸೀಲು ಸರ್ಯಾಗೈತಾ ನೋಡಾನ ಇರು," ಎನ್ನುತ್ತ ಆದಿನಾರಾಯಣ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಅದರ ಕತ್ತಿನ ಸುತ್ತ ಹೆಬ್ಬೆರಳು ಆಡಿಸಿದ.

ತಮಾಷೆಗೆ ಎಂಬಂತೆ ಹೇಳಿದ. ಸೆಲ್ವರಾಜನೂ ತಮಾಷೆಯೆಂದೇ ತಿಳಿದು ನಕ್ಕ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಲಾ ಮಾತ್ರ ನಗಲಿಲ್ಲ. ಎಂಟು ತಿಂಗಳಲ್ಲಿ ನಾಲ್ಕು ಊಟಗಳಾಗಿದ್ದವು. ನಾಲ್ಕಕ್ಕೂ ವೈನ್ ತಂದವನು ಅವಳ ಗಂಡ ಸೆಲ್ವರಾಜನೇ, ಮೊದಲ ಗ್ಲಾಸು ಖಾಲಿ ಮಾಡಿದವನು ಈ ಆದಿನಾರಾಯಣನೇ. ಆ ನಾಲ್ಕೂ ಸಲ ಅವನಿಗೆ ಸೀಲಿನ ನೆನಪಾಗಿರಲಿಲ್ಲ. ಇವತ್ತು, ಈ ಮನೆಯಲ್ಲಿ, ಆಗಿತ್ತು.

ಭಾನುವಾರ ಸಂಜೆ ಆರು ಗಂಟೆ. ಆಂಡರ್ಸನ್‌ಪೇಟೆಯಲ್ಲಿ ಹಳೆಯ ಚಿನ್ನದ ಗಣಿಯ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಲೈನಿನ ಮನೆ. ಎರಡು ಕೋಣೆ, ಮುಂದೆ ಶೀಟು ಹೊದಿಸಿದ ಹಜಾರ. ಹಜಾರದಲ್ಲಿ ಎರಡು ಟೇಬಲ್ ಜೋಡಿಸಿ ಮೇಲೊಂದು ಬಿಳಿ ಬೆಡ್‌ಶೀಟು ಹಾಸಿತ್ತು. ಒಂದು ಟೇಬಲ್ ಮನೆಯದು, ಇನ್ನೊಂದು ಪಕ್ಕದ ಮನೆಯ ಟೈಲರನದು. ಎರಡರ ಎತ್ತರ ಒಂದೇ ಅಲ್ಲದ್ದರಿಂದ ನಡುವೆ ಒಂದು ಮೆಟ್ಟಿಲು ಬಿದ್ದು, ಅದನ್ನು ಮುಚ್ಚಲು ಕಲಾ ಹೂವಿನ ಬಾಟಲಿ ಇಟ್ಟಿದ್ದಳು. ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸಯನೈಡ್ ದಿಬ್ಬದಿಂದ ಧೂಳು ಬರದಿರಲೆಂದು ಬೆಳಗಿನಿಂದ ಒಂದು ಕಿಟಕಿ ಮುಚ್ಚಿದ್ದಳು. ಅತಿಥಿಗಳಿಗೆ ಸೆಕೆಯಾಗದಿರಲೆಂದು ಇನ್ನೊಂದನ್ನು ತೆರೆದಿದ್ದಳು.

ಆದಿನಾರಾಯಣ, ಚಲಪತಿ, ಸೆಲ್ವರಾಜ್ ಮೂವರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಆದಿನಾರಾಯಣನಿಗೆ ಬಂಗಾರಪೇಟೆಯಲ್ಲಿ ಮೋಟಾರು, ಪೈಪಿನ ಅಂಗಡಿ. ಚಲಪತಿ ಅಲ್ಲೇ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಜನರ ಕ್ರಯಪತ್ರ ಬರೆಯುತ್ತಾನೆ. ಸೆಲ್ವರಾಜನ ಅಪ್ಪ, ತಾತ ಗಣಿಯೊಳಗೆ ಇಳಿದು ಕಲ್ಲು ಒಡೆದವರು. ಗಣಿ ಮುಚ್ಚಿದಾಗ ಇವನು ಜಿಲ್ಲೆಯಾಚೆಯ ಒಂದು ವೈನ್ ಕಾರ್ಖಾನೆಯಲ್ಲಿ ಟ್ಯಾಂಕು ತೊಳೆಯಲು ಸೇರಿ, ಇಪ್ಪತ್ತು ವರ್ಷದಲ್ಲಿ ಮರದ ಪೀಪಾಯಿಗಳ ಉಸ್ತುವಾರಿಗೆ ಬಂದಿದ್ದ. ಗಣಿಗೆ ಇಳಿಯಲು ಆರ್ಕಾಟಿನ ಕಡೆಯಿಂದ ಬಂದ ದಲಿತರೇ ಈ ಲೈನುಗಳಲ್ಲಿ ಇರುವವರು ಎನ್ನುವುದು ಊರಿಗೆಲ್ಲ ಗೊತ್ತಿರುವುದರಿಂದ, ಇಲ್ಲಿ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ. ವಿಳಾಸ ಕೇಳಿದರೆ ಸಾಕು.

ಎರಡು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಊಟ ಎಂದು ಮಾತಾಗಿತ್ತು. ಚಲಪತಿಯ ಮನೆಯಾಯಿತು, ಆದಿನಾರಾಯಣನದಾಯಿತು. ಸೆಲ್ವರಾಜನ ಸರದಿ ಬಂದಾಗ ನಿಮ್ಮ ಲೈನಿಗೆ ಕಾರು ಬರುವುದಿಲ್ಲ ಎಂದು ಮತ್ತೆ ಚಲಪತಿಯ ಮನೆಗೆ, ಅಲ್ಲಿಂದ ಮತ್ತೆ ಆದಿನಾರಾಯಣನ ಮನೆಗೆ ಊಟ ದಾಟಿಕೊಂಡಿತು. ಎರಡು ಸುತ್ತು ಹಾಗೇ ಮುಗಿದ ಮೇಲೆ ಸೆಲ್ವರಾಜನೇ ಫೋನು ಮಾಡಿ, "ಕಾರ್ ಕೊಳಾಯಿ ಹತ್ರ ನಿಲ್ಸಿ, ನೂರು ಹೆಜ್ಜೆ, ನಾನೇ ಬಂದು ಕರ್ಕೊಂಡ್ ಬರ್ತೀನಿ," ಎಂದಿದ್ದ. ಆ ನೂರು ಹೆಜ್ಜೆಗೆ ಉತ್ತರ ಹೊಳೆಯದೆ ಬಂದಿದ್ದರು. ಚಲಪತಿಯ ಹೆಂಡತಿ ಕಲ್ಪನ ಮಾತ್ರ ಬಂದಿರಲಿಲ್ಲ, ತವರಿಗೆ ಹೋಗಿದ್ದಾಳಂತೆ.

"ಲೇ ಸೆಲ್ವ, ಇದು ನಿನ್ ಮನೆಗೆ ಗಿಫ್ಟು ಕಣ್ಲಾ." ಆದಿನಾರಾಯಣ ಕಾಲಡಿಯಿಂದ ಒಂದು ಪೆಟ್ಟಿಗೆ ಎತ್ತಿ ಟೇಬಲ್ಲಿನ ಮೇಲಿಟ್ಟ. "ವೈನ್ ಮೇಷ್ಟ್ರ ಮನೇಲಿ ಸ್ಟೀಲ್ ಲೋಟದಾಗೆ ಕುಡಿಯಾಕಾಯ್ತದಾ? ಆರು ಗ್ಲಾಸವೆ. ಉದ್ದ ಕಾಲಿಂದು."

ಸೆಲ್ವರಾಜ್ ಪೆಟ್ಟಿಗೆ ಬಿಚ್ಚಿ ಐದು ಗ್ಲಾಸು ಹೊರಗಿಟ್ಟ. ಗ್ಲಾಸಿನ ಕಾಲು ಹಿಡಿಯಬೇಕು, ಹೊಟ್ಟೆ ಹಿಡಿದರೆ ವೈನು ಬಿಸಿಯಾಗುತ್ತದೆ ಎಂದು ನಾಲ್ಕು ಊಟಗಳಲ್ಲೂ ಪಾಠ ಹೇಳಿದವನು ಅವನು. ಗೆಳೆಯ ಅದನ್ನು ನೆನಪಿಟ್ಟುಕೊಂಡು ತಂದಿದ್ದಾನೆ ಎಂದು ಅವನ ಕಣ್ಣು ತುಂಬಿದವು. ಕಲಾ ಮುಂದೆ ಬಂದು ಗ್ಲಾಸುಗಳಿಗೆ ಕೈ ಹಾಕಿದಳು.

"ಕೊಡಿ ಅಣ್ಣ, ತೊಳ್ಕೊಂಡ್ ಬರ್ತೀನಿ. ಪೆಟ್ಟಿಗೆ ಧೂಳ್ ಇರ್ತದೆ."

"ಬ್ಯಾಡ ಬುಡು ಕಲಾ." ಆದಿನಾರಾಯಣನ ಹೆಂಡತಿ ಶಶಿರೇಖ ಗಕ್ಕನೆ ಕೈ ಅಡ್ಡ ಹಿಡಿದಳು. "ಒಸಾವು, ಅದ್ರಾಗೆ ತೊಳ್ಯಾಕೇನೈತೆ? ಇಲ್ಲೇ ಒರಸ್ಕಂತೀವಿ." ತನ್ನ ಬ್ಯಾಗಿನಿಂದ ಕಾಗದದ ಕರವಸ್ತ್ರ ತೆಗೆದು ಮೂರು ಗ್ಲಾಸು ಒರೆಸಿದಳು. ಸರಿಯಾಗಿ ಮೂರು.

ಆಗ ಕಲಾಗೆ ಗಿಫ್ಟು ಅರ್ಥವಾಯಿತು. ಕೈ ಹಿಂದಕ್ಕೆ ತೆಗೆದುಕೊಂಡಳು.

ಸೆಲ್ವರಾಜ್ ಬಿರಡೆ ಕಿತ್ತು, ಗ್ಲಾಸಿನ ಮೂರನೇ ಒಂದು ಪಾಲು ಮಾತ್ರ ಸುರಿದು, ಮೆಲ್ಲಗೆ ತಿರುಗಿಸಿ ಮೂಗಿಗೆ ಹಿಡಿಯಲು ಹೇಳಿದ. ಕಾರ್ಖಾನೆಯವರು ಇಪ್ಪತ್ತು ವರ್ಷದ ದುಡಿಮೆಗೆಂದು ಕೊಟ್ಟಿದ್ದ ಬಾಟಲಿಗಳು. ಮೂರು ವರ್ಷ ಪೀಪಾಯಿಯಲ್ಲಿ ಇದ್ದದ್ದು. ಪೀಪಾಯಿಯ ಮರ ವೈನನ್ನು ಒಂದಿಷ್ಟು ಕುಡಿಯುತ್ತದೆ, ಅದಕ್ಕೇ ವಾರಕ್ಕೊಮ್ಮೆ ಬಾಯಿ ತೆಗೆದು ಮೇಲಕ್ಕೆ ತುಂಬಬೇಕು, ಬಿಟ್ಟರೆ ಹುಳಿಯಾಗುತ್ತದೆ, ತಾನು ಒಂದು ವಾರವೂ ಬಿಟ್ಟಿಲ್ಲ ಎಂದೆಲ್ಲ ವಿವರಿಸಿದ. ಗೆಳೆಯರು ತಲೆದೂಗಿದರು. ವೈನಿನ ವಿಷಯದಲ್ಲಿ ಅವನು ಹೇಳಿದ್ದಕ್ಕೆಲ್ಲ ಅವರು ಯಾವತ್ತೂ ತಲೆದೂಗುತ್ತಿದ್ದರು.

"ಆದ್ರೆ ಇದು ಬರೀ ಕುಡಿಯೋ ವೈನ್ ಅಲ್ಲ ಆದಿ," ಎಂದ. "ಊಟದ್ ಜೊತೆ ಹೋಗ್ಬೇಕು. ಕಲಾ ಮಾಡಿರೋ ಸಾರಿಗೆ ಅಂತಾನೇ ಇದನ್ನ ಇಟ್ಟಿದ್ದೆ."

ಅಷ್ಟು ಹೇಳಿದ್ದೇ ತಡ, ಮೂವರ ಹೊಟ್ಟೆಗೂ ಒಂದೊಂದು ಕಾಯಿಲೆ ಬಂತು.

"ಊಟಕ್ಕೇನ್ ಅವಸ್ರ ಬುಡ್ಲಾ," ಎಂದ ಆದಿನಾರಾಯಣ. "ಬೂದಿಕೋಟೆ ತಾವ ನೆಂಟ್ರ ಗೃಹಪ್ರವೇಶ ಇತ್ತು. ನಾಕ್ ಗಂಟೆಗೆ ತಿಂದಿದ್ದು ಇನ್ನೂ ಎದೇಲೈತೆ."

"ನಂಗೆ ಅಸಿಡಿಟಿ," ಎಂದಳು ಶಶಿರೇಖ. "ಡಾಕ್ಟ್ರು ಖಾರ ಮುಟ್ಲೇಬ್ಯಾಡ ಅಂದವ್ರೆ."

ಚಲಪತಿಗೆ ಸುಳ್ಳು ಹೇಳಿ ಅಭ್ಯಾಸ ಕಡಿಮೆ. ಅವನದೇನಿದ್ದರೂ ಬೇರೆಯವರ ಮಾತನ್ನು ಬರೆದುಕೊಡುವ ಕೆಲಸ. ತಡವರಿಸಿ, "ಇವತ್ತು ಸಂಕಷ್ಟಿ ಕಣೋ," ಎಂದ.

"ಸಂಕಷ್ಟಿ ದಿನ ವೈನ್ ಕುಡೀಬೋದಾ ಅಣ್ಣ?" ಕಲಾ ಕೇಳಿದಳು.

"ದ್ರಾಕ್ಷಿ ರಸ ತಾನೇ ಅಮ್ಮಾ. ಫಲಾಹಾರ."

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸಂಕಷ್ಟಿ ಹೋದ ಗುರುವಾರವೇ ಮುಗಿದುಹೋಗಿತ್ತು. ಕಲಾ ಅದನ್ನು ಹೇಳಲಿಲ್ಲ. ಅಷ್ಟರಲ್ಲಿ ಶಶಿರೇಖ ಬ್ಯಾಗಿನಿಂದ ಒಂದೊಂದಾಗಿ ಪೊಟ್ಟಣಗಳನ್ನು ತೆಗೆದು ಬೆಡ್‌ಶೀಟಿನ ಮೇಲೆ ಜೋಡಿಸತೊಡಗಿದ್ದಳು. ರಾಬರ್ಟ್‌ಸನ್‌ಪೇಟೆಯ ಬೇಕರಿಯ ನಿಪ್ಪಟ್ಟು, ಕಾಂಗ್ರೆಸ್ ಕಡಲೆಬೀಜ, ಚಿಪ್ಸು, ಒಂದು ಚಿಪ್ಪು ಏಲಕ್ಕಿ ಬಾಳೆ, ಮೂರು ಬಾಟಲಿ ನೀರು. ಕಲಾ ತಟ್ಟೆ ತಂದಿಟ್ಟಳು. ತಟ್ಟೆಗಳನ್ನು ಒಂದು ಕಡೆಗೆ ಸರಿಸಿ, ಪೊಟ್ಟಣ ಹರಿದು ಅದರಿಂದಲೇ ತಿಂದರು. ಅಸಿಡಿಟಿಯವಳು ಮೆಣಸಿನಪುಡಿ ಉದುರಿಸಿದ ಚಿಪ್ಸನ್ನು ಹಿಡಿ ಹಿಡಿಯಾಗಿ ತಿಂದಳು.

ಕಲಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಅವಳಿಗಿದ್ದದ್ದು ದುಃಖವಲ್ಲ, ಸಿಟ್ಟು, ಬಂದವರ ಮೇಲಿಗಿಂತ ತನ್ನ ಮೇಲೇ ಹೆಚ್ಚು. ಇವರು ತಿನ್ನುತ್ತಾರೆ ಎಂದು ನಂಬಿದ್ದಳಲ್ಲ, ಆ ಪೆದ್ದುತನದ ಮೇಲೆ. ಈ ಮನೆಯಲ್ಲಿ, ಈ ತಟ್ಟೆಯಲ್ಲಿ, ತನ್ನ ಕೈಯಿಂದ ಬಡಿಸಿಕೊಂಡು ಗಂಡನ ಗೆಳೆಯರು ಒಂದು ಹೊತ್ತು ಉಣ್ಣಬೇಕು. ಅವಳು ಕೇಳಿಕೊಂಡದ್ದು ಅಷ್ಟೇ. ಅದು ಆಗಿಯೇ ಆಗುತ್ತದೆ ಎಂದು ನಂಬಲು ಅವಳಿಗೊಂದು ಕಾರಣವಿತ್ತು. ಆ ಕಾರಣ ಈಗ ಹೊರಗೆ ಕೂತು ಚಿಪ್ಸು ತಿನ್ನುತ್ತಿತ್ತು.

ಎರಡು ತಿಂಗಳ ಹಿಂದೆ ಆದಿನಾರಾಯಣನ ಮನೆಯ ಊಟಕ್ಕೆ ಎರಡು ದಿನ ಮೊದಲು ಶಶಿರೇಖ ಫೋನು ಮಾಡಿದ್ದಳು. ಕಲಾ ರಾಬರ್ಟ್‌ಸನ್‌ಪೇಟೆಯ ಕೆಲವು ಕಚೇರಿಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುತ್ತಾಳೆ. ಅಲ್ಲಿ ಕೆಲಸ ಮಾಡುವ ಶಶಿರೇಖಳ ತಂಗಿ ಕಲಾಳ ಕೈಮಾ ಉಂಡೆ ಸಾರನ್ನು ತಿಂದು ಹುಚ್ಚಾಗಿದ್ದಳಂತೆ. ಹಿಂದಿನ ಊಟದಲ್ಲಿ ಕಲ್ಪನಳ ಬಿರಿಯಾನಿಯನ್ನು ಗಂಡಸರು ಹೊಗಳಿ ಅಟ್ಟಕ್ಕೇರಿಸಿದ್ದರು. ಶಶಿರೇಖಳಿಗೆ ಅದನ್ನು ಮೀರಿಸಬೇಕಿತ್ತು. "ನಲವತ್ತು ಉಂಡೆ ಮಾಡ್ಕೊಡೆ ಕಲಾ. ನಮ್ಮತ್ತೆಗೆ ಗೊತ್ತಾದ್ರೆ ನನ್ ಮನೇಲಿ ಇರಾಕ್ ಬುಡಲ್ಲ. ಸೆಲ್ವಣ್ಣಂಗೂ ಏಳ್ಬ್ಯಾಡ, ನಿನ್ ದಮ್ಮಯ್ಯ." ಊಟದ ದಿನ ಮಧ್ಯಾಹ್ನ ಶಶಿರೇಖಳೇ ಎರಡು ಬೀದಿ ಆಚೆ ಕಾರು ನಿಲ್ಲಿಸಿ, ಪಾತ್ರೆಯ ಮೇಲೆ ಟವೆಲು ಮುಚ್ಚಿಕೊಂಡು ಹೋಗಿದ್ದಳು.

ಆ ಸಂಜೆ ಅದೇ ಸಾರನ್ನು ಕಲಾ ಅತಿಥಿಯಾಗಿ ಕೂತು ತಿಂದಳು. ಆದಿನಾರಾಯಣ ಮೂರು ಸಲ ಬಡಿಸಿಕೊಂಡ. ಅವನ ತಾಯಿ ಮುನಿನಾರಾಯಣಮ್ಮ ಒಳಗಿನಿಂದ ಎರಡು ಸಲ ತರಿಸಿಕೊಂಡಳು. ಊಟದ ನಡುವೆ ಆದಿನಾರಾಯಣ ಬಾಯಿಂದ ಒಂದು ಎಳೆ ಎಳೆದು ತೆಗೆದು, "ಇದೇನೇ ಇದು, ನಿನ್ ಸೀರೆ ದಾರ ಬಿದ್ದೈತಾ?" ಎಂದಾಗ ಶಶಿರೇಖ, "ಕೊತ್ತಂಬ್ರಿ ದಂಟು ಕಣ್ರೀ," ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಕಲಾ ಮಾತ್ರ ತನ್ನ ತಟ್ಟೆಯಲ್ಲಿದ್ದ ಉಂಡೆಗಳನ್ನು ಬೆರಳಲ್ಲಿ ತಿರುಗಿಸಿ ನೋಡಿದ್ದಳು. ನಲವತ್ತರಲ್ಲಿ ಒಂದು ಉಂಡೆಗೆ ಸುತ್ತಿದ್ದ ನಾರನ್ನು ಅವಳು ಬಿಚ್ಚುವುದನ್ನು ಮರೆತಿದ್ದಳು.

ಆ ಸಾರು ಅವಳ ಪಾಟಿ, ಅಂದರೆ ಅಜ್ಜಿ ಕದಿರಮ್ಮನದು. ಪಾಟಿ ಗಣಿಯ ದೊರೆಗಳ ಬಂಗಲೆಯಲ್ಲಿ ಅಡುಗೆಗಿದ್ದವಳು. ಕೈಮಾವನ್ನು ಎಷ್ಟು ನುಣ್ಣಗೆ ಅರೆದರೂ ಕುದಿಯುವ ತೆಂಗಿನಹಾಲಿನಲ್ಲಿ ಉಂಡೆ ಒಡೆಯುತ್ತದೆಂದು, ಒದ್ದೆ ಬಾಳೆನಾರನ್ನು ಒಂದೊಂದಕ್ಕೂ ಮೂರು ಸುತ್ತು ಸುತ್ತಿ ಬಿಡುತ್ತಿದ್ದಳು. ಬಂಗಲೆಯಲ್ಲಿ ನಾರನ್ನು ಒಳಗೇ ಬಿಚ್ಚಿ ಕಳಿಸಬೇಕಿತ್ತು. ಲೈನಿನ ಮನೆಯಲ್ಲಿ ಹಾಗಲ್ಲ. ಬಂದವರ ತಟ್ಟೆಗೆ ಹಾಕಿದ ಮೇಲೆ, ಅವರ ಕಣ್ಣೆದುರೇ ತುದಿ ಹಿಡಿದು ಎಳೆಯುತ್ತಿದ್ದಳು. ನಾರು ಪೂರಾ ಬಿಚ್ಚಿಬಂದು ಉಂಡೆ ಇದ್ದಹಾಗೇ ನಿಂತರೆ ಅದು ಬಂದವರಿಗೆ ಮಾಡಿದ ಮರ್ಯಾದೆ. ಇವತ್ತು ಕಲಾ ಬೆಳಿಗ್ಗೆ ಐದಕ್ಕೆ ಎದ್ದು ನಾರು ನೆನೆಹಾಕಿದ್ದು ಆ ಮರ್ಯಾದೆಗಾಗಿ. ಒಮ್ಮೆ ತಿಂದವರು ಇನ್ನೊಮ್ಮೆ ತಿನ್ನದಿರುತ್ತಾರೆಯೇ ಎಂದುಕೊಂಡಿದ್ದಳು.

ಒಳಗೆ ಬಂದ ಸೆಲ್ವರಾಜ್ ಮೆಲ್ಲಗೆ ತಮಿಳಿನಲ್ಲಿ ಹೇಳಿದ, "ಬಿಡು ಕಲಾ. ಒತ್ತಾಯ ಮಾಡೋದು ಬೇಡ. ಹೊಟ್ಟೆ ಸರಿಯಿಲ್ಲವಂತೆ."

"ಮೂರು ಜನರಿಗೂ ಒಟ್ಟಿಗೆ?"

ಅವನು ಬೇರೆಲ್ಲೋ ನೋಡಿದ. ಅವನಿಗೂ ಗೊತ್ತಿದೆ ಎಂದು ಅವಳಿಗೆ ಆಗ ತಿಳಿಯಿತು. ಗ್ಲಾಸು ಒರೆಸಿದಾಗ ಗೊತ್ತಾಗಿರಬಹುದು, ಇಲ್ಲವೇ ಮೂವತ್ತು ವರ್ಷದಿಂದ ಗೊತ್ತಿರಬಹುದು. ಅವಳು ಎರಡು ಬಟ್ಟೆ ಹಿಡಿದು ಪಾತ್ರೆಯನ್ನು ಎತ್ತಿಕೊಂಡು ಹೋಗಿ, ಚಿಪ್ಸು ಪೊಟ್ಟಣಗಳ ನಡುವೆ ಇಟ್ಟು ಮುಚ್ಚಳ ತೆಗೆದಳು.

ಹಬೆ ಎದ್ದಿತು. ಚಕ್ಕೆ, ಪುದೀನ, ತೆಂಗಿನಹಾಲು, ಹುರಿದ ಮಾಂಸದ ಘಮ ಹಜಾರದ ತುಂಬ ಹರಡಿತು. ಚಲಪತಿ ಎಂಜಲು ನುಂಗಿದ್ದು ಎಲ್ಲರಿಗೂ ಕಾಣಿಸಿತು. ಆದಿನಾರಾಯಣ ಎರಡು ಗ್ಲಾಸು ಮುಗಿಸಿದ್ದ, ನಾಲಿಗೆ ಸಡಿಲವಾಗಿತ್ತು.

"ಲೇ ಶಶಿ! ಇದು ನಿಂದೇ ಕಣೇ!" ಎಂದು ಕೂಗಿದ. "ಅವತ್ತು ನೀನ್ ಮಾಡಿದ್ದೆಯಲ್ಲ ಕೈಮಾ ಉಂಡೆ, ಅದೇ ಗಮಲು!"

ಶಶಿರೇಖಳ ಕೈ ಚಿಪ್ಸಿನ ಪೊಟ್ಟಣದಲ್ಲೇ ನಿಂತಿತು. ಕಲಾಳ ಕಡೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿದ್ದಿದ್ದರೆ ಕಲಾ ಅಲ್ಲಿಗೇ ಬಿಡುತ್ತಿದ್ದಳೋ ಏನೋ. ಇದ್ದದ್ದು ಬೆದರಿಕೆ.

"ಊಂ ಕಣ್ರೀ," ಎಂದಳು ಶಶಿರೇಖ. "ನಾನೇ ಏಳ್ಕೊಟ್ಟಿದ್ದು ಕಲಾಗೆ. ಫೋನಾಗೆ. ಮನೇಗೆ ಬತ್ತಾರೆ ಏನ್ ಮಾಡ್ಲಕ್ಕ ಅಂತ ಕೇಳಿದ್ಲು, ಪಾಪ."

ಸೆಲ್ವರಾಜ್ ಬಾಯಿ ತೆರೆದ. ಅವತ್ತು ಮನೆಗೆ ಮರಳುವಾಗ ಅವನು, ಶಶಿಯಕ್ಕನ ಸಾರು ಪಾಟಿಯ ಸಾರಿನ ಹಾಗೇ ಇತ್ತಲ್ಲ ಎಂದಿದ್ದ. ನಾನೇ ಹೇಳಿಕೊಟ್ಟಿದ್ದೆ ಎಂದು ಕಲಾ ಸುಳ್ಳು ಹೇಳಿದ್ದಳು. "ಇಲ್ಲಕ್ಕ, ಕಲಾ ತಾನೇ ನಿಮ್ಗೆ..." ಎಂದು ಶುರುಮಾಡಿದವನನ್ನು ಕಲಾ ಕೈಯೆತ್ತಿ ತಡೆದಳು.

ಅವಳ ಕಿವಿ ಕಾದುಹೋಗಿದ್ದವು. ತಿನ್ನದಿದ್ದರೆ ಹೋಗಲಿ. ಇವಳು ಪಾಟಿಯ ಕೈಯನ್ನೇ ಕದಿಯುತ್ತಿದ್ದಾಳೆ. ಕದ್ದದ್ದನ್ನು ಮುಟ್ಟಲೂ ಹೇಸಿ, ಮೇಲೆ ಪಾಪ ಎನ್ನುತ್ತಿದ್ದಾಳೆ.

"ಹೌದಣ್ಣ, ಅಕ್ಕಾನೇ ಕಲಿಸಿದ್ದು," ಎಂದಳು ಕಲಾ. ದನಿ ಅವಳಿಗೇ ಅಚ್ಚರಿಯಾಗುವಷ್ಟು ತಣ್ಣಗಿತ್ತು. ಒಂದು ತಟ್ಟೆಗೆ ಮೂರು ಉಂಡೆ, ಮೇಲೊಂದು ಸೌಟು ಸಾರು ಹಾಕಿ, ಚಮಚೆಯೊಂದಿಗೆ ಶಶಿರೇಖಳ ಮುಂದಿಟ್ಟಳು. "ಕಲಿಸಿದೋರು ನೋಡಿ ಹೇಳ್ಬೇಕಲ್ಲ ಅಕ್ಕ. ತಿನ್ನೋದ್ ಬೇಡ, ಅಸಿಡಿಟಿ ಇದೆ. ಒಂದು ಮುರಿದು, ಒಳಗೆ ಬೆಂದಿದೆಯಾ ನೋಡಿ ಸಾಕು."

"ಬೆಂದಿರ್ತದೆ ಬುಡು."

"ಮುರಿದು ನೋಡೇ, ಅದಕ್ಕೇನಂತೆ?" ಎಂದ ಆದಿನಾರಾಯಣ. ಘಮ ಅವನನ್ನು ಸುಮ್ಮನಿರಲು ಬಿಡುತ್ತಿರಲಿಲ್ಲ. "ನಿನ್ ಶಿಷ್ಯೆ ಕಣೇ."

ಶಶಿರೇಖ ಚಮಚೆಯ ತುದಿಯಲ್ಲಿ ಉಂಡೆಯನ್ನು ಒತ್ತಿದಳು. ಉಂಡೆ ಮುರಿಯಲಿಲ್ಲ, ಜಾರಿತು. ಇನ್ನೊಮ್ಮೆ ಜೋರಾಗಿ ಒತ್ತಿದಾಗ ಸಾರು ಬೆಡ್‌ಶೀಟಿಗೆ ಚಿಮ್ಮಿ, ಉಂಡೆ ಜಜ್ಜಿಹೋಗಿ, ಚಮಚೆಗೆ ಒಂದು ಕಂದು ಎಳೆ ಸುತ್ತಿಕೊಂಡು ಮೇಲೆ ಬಂತು.

"ಥೂ! ದಾರ!" ಎಂದಳು. ಮರುಕ್ಷಣವೇ ಅವಳ ಮುಖ ಅರಳಿತು. ತಿನ್ನದಿರಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ? "ನೋಡ್ರೀ ಇಲ್ಲಿ, ಊಟದಾಗೆ ದಾರ ಬಿದ್ದೈತೆ. ಅಡಿಗೆ ಮಾಡಾವಾಗ ಕಣ್ಣಿಟ್ಟು ಮಾಡ್ಬೇಕಮ್ಮಾ ಕಲಾ. ಇಂತಾವು ಬಾಯಿಗಿಟ್ಕಳ್ಳಾದಾದ್ರೂ ಎಂಗೆ?"

ಕಲಾ ಎದುರಿನ ಕುರ್ಚಿ ಎಳೆದುಕೊಂಡು ಕೂತಳು. ಆ ಸಂಜೆ ಅವಳು ಕೂತದ್ದು ಅದೇ ಮೊದಲು. ತಟ್ಟೆಯನ್ನು ತನ್ನ ಕಡೆಗೆ ಎಳೆದು, ಎರಡನೆಯ ಉಂಡೆಯ ಅಡಿಗೆ ಉಗುರು ಹಾಕಿ, ತುದಿ ಹುಡುಕಿ ಎಳೆದಳು. ನಾರು ಮೂರು ಸುತ್ತು ಬಿಚ್ಚಿಕೊಂಡು ಬಂತು. ಉಂಡೆ ಅಲುಗಲಿಲ್ಲ. ನಾರನ್ನು ತಟ್ಟೆಯ ಅಂಚಿಗೆ ಇಟ್ಟಳು. ಮೂರನೆಯದನ್ನೂ ಹಾಗೇ ಬಿಚ್ಚಿದಳು.

"ಎಲ್ಲಾದಕ್ಕೂ ಇದೆ ಅಕ್ಕ," ಎಂದಳು. "ಬಾಳೆನಾರು. ಸುತ್ತದೆ ಹಾಕಿದ್ರೆ ಒಡೆದು ಹೋಗ್ತದೆ. ಕಲಿಸಿದೋರಿಗೆ ಗೊತ್ತಿರ್ಬೇಕಿತ್ತು."

ಆದಿನಾರಾಯಣ ಬಗ್ಗಿ ತಟ್ಟೆಯ ಅಂಚನ್ನು ನೋಡಿದ. ಕೈ ಹಾಕಲಿಲ್ಲ, ಕಣ್ಣಿಂದಲೇ ಎಳೆಯ ಈ ತುದಿಯಿಂದ ಆ ತುದಿಯವರೆಗೆ ಹೋದ. ಅವನ ನಾಲಿಗೆ ಒಳಗೇ ಹಲ್ಲುಗಳ ಮೇಲೆ ಓಡಾಡಿದ್ದು ಕೆನ್ನೆಯಲ್ಲಿ ಕಾಣುತ್ತಿತ್ತು.

"ಅವತ್ತು ನನ್ ಬಾಯಾಗೆ ಸಿಕ್ಕಿದ್ದು ಇದೇ ಅಲ್ವೇನೇ?" ಎಂದು ಹೆಂಡತಿಯನ್ನು ಕೇಳಿದ. "ಕೊತ್ತಂಬ್ರಿ ದಂಟು ಅಂದ್ಯಲ್ಲ."

ಶಶಿರೇಖ ಚಮಚೆಯನ್ನು ಕೆಳಗಿಟ್ಟಳು.

"ಎಲ್ಲಿಂದ ತಂದಿದ್ದೆ ಅವತ್ತು? ಬಾಯ್ ಬುಡೇ."

"ಗಲಾಟೆ ಮಾಡ್ಬ್ಯಾಡ್ರೀ. ಮನೇಗ್ ಓಗಾನ ನಡೀರಿ."

"ನಮ್ಮಮ್ಮಾನೂ ತಿಂದ್ಲಲ್ಲೇ!" ಆದಿನಾರಾಯಣ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ಎಪ್ಪತ್ತು ವರ್ಸ ಒಬ್ರ ಮನೇ ನೀರು ಮುಟ್ದೋಳಲ್ಲ, ಎರಡು ಸಲ ಆಕಿಸ್ಕಂಡು ತಿಂದ್ಲಲ್ಲೇ!" ಹೆಂಡತಿಯ ಕಡೆಯಿಂದ ಗೆಳೆಯನ ಕಡೆ ತಿರುಗಿದ. "ನೀವಿಬ್ರೂ ಸೇರ್ಕಂಡು ಮೋಸ ಮಾಡ್ಬುಟ್ರಿ ಕಣ್ಲಾ. ಬೇಕೂ ಅಂತ. ನಮ್ ಜಾತಿ ಕೆಡಿಸ್ಬೇಕೂ ಅಂತ."

ಸೆಲ್ವರಾಜನ ಕೈಯಲ್ಲಿ ಬಾಟಲಿ ಹಾಗೇ ಇತ್ತು. ಆದಿಯ ಮುಖವನ್ನು, ಹೆಂಡತಿಯ ಮುಖವನ್ನು, ತಟ್ಟೆಯ ಅಂಚಿನ ನಾರುಗಳನ್ನು ನೋಡಿದ. ಅವನಿಗೆ ಎಲ್ಲವೂ ಒಂದೊಂದಾಗಿ ತಿಳಿಯುತ್ತ ಹೋಯಿತು; ತಿಳಿದದ್ದೆಲ್ಲ ಮುಖದ ಮೇಲೆ ಬಂದು ನಿಂತಿತು.

"ಮೋಸ ಯಾರ್ ಮಾಡಿದ್ದು ಅಂತ ಕಾರಲ್ಲಿ ಕೇಳ್ಕೊಳಿ ಅಣ್ಣ," ಎಂದಳು ಕಲಾ. "ಪಾತ್ರೆ ಹೊತ್ಕೊಂಡ್ ಹೋದೋರು ನಿಮ್ ಮನೆಯೋರೇ."

ಆದಿನಾರಾಯಣ ಟೇಬಲ್ಲಿನಿಂದ ಒಂದು ನೀರಿನ ಬಾಟಲಿ ಕಿತ್ತುಕೊಂಡು ಅಂಗಳಕ್ಕೆ ಇಳಿದ. ಅಂಗಳದಲ್ಲಿ ನಲ್ಲಿ ಇತ್ತು, ತೊಟ್ಟಿ ತುಂಬ ನೀರಿತ್ತು. ಅವನು ಬಾಟಲಿಯ ಮುಚ್ಚಳವನ್ನೇ ತಿರುವಿ, ಬಾಯಿ ತುಂಬ ನೀರು ತುಂಬಿಕೊಂಡು, ಗಳಗಳ ಮುಕ್ಕಳಿಸಿ ಒಗೆಯುವ ಕಲ್ಲಿನ ಮೇಲೆ ಉಗಿದ. ಇನ್ನೊಮ್ಮೆ ಮುಕ್ಕಳಿಸಿದ. ಎರಡು ತಿಂಗಳ ಹಿಂದೆ ತಿಂದು ಅರಗಿಸಿಕೊಂಡ ಊಟಕ್ಕೆ ಇವತ್ತು ಬಾಯಿ ತೊಳೆಯುತ್ತಿದ್ದ.

ಸೆಲ್ವರಾಜ್ ಬಾಗಿಲಿಗೆ ಬಂದು ನಿಂತ. "ಆದಿ," ಎಂದು ಕರೆದ. ದನಿ ಜೋರಿರಲಿಲ್ಲ. "ಮೂರು ವರ್ಷ ಪೀಪಾಯಿ ತುಂಬ್ಸಿದ್ದು ಇದೇ ಕೈ ಕಣೋ. ಅದಕ್ಕೂ ಸೇರಿಸಿ ತೊಳ್ಕೋ. ನೀರ್ ಸಾಲ್ದಿದ್ರೆ ಇನ್ನೆರಡು ಬಾಟ್ಲಿ ಇದೆ."

ಆದಿನಾರಾಯಣ ಬಾಯಲ್ಲಿ ನೀರು ಇಟ್ಟುಕೊಂಡೇ ನಿಂತ. ಉಗಿಯಲೂ ಆಗದೆ, ನುಂಗಲೂ ಆಗದೆ ಒಂದು ಗಳಿಗೆ ಕೆನ್ನೆ ಉಬ್ಬಿಸಿಕೊಂಡಿದ್ದ. ಆಮೇಲೆ ಪಕ್ಕಕ್ಕೆ ಉಗಿದು, ಬಾಟಲಿಯನ್ನು ಅಲ್ಲೇ ಎಸೆದು, ಗೇಟು ತಳ್ಳಿಕೊಂಡು ಹೋದ. ಶಶಿರೇಖ ಉಳಿದ ಪೊಟ್ಟಣಗಳನ್ನು ಬ್ಯಾಗಿಗೆ ತುಂಬಿಕೊಂಡಳು. ಬಾಗಿಲು ದಾಟುವಾಗ ಕಲಾಳ ಹತ್ತಿರ ನಿಂತು, ಹಲ್ಲು ಕಚ್ಚಿ, "ನನ್ ಸಂಸಾರಕ್ಕೆ ಬೆಂಕಿ ಇಟ್ಟೆಯಲ್ಲೇ, ನೀನ್ ಉದ್ಧಾರ ಆಗ್ತೀಯಾ?" ಎಂದಳು.

"ಅಸಿಡಿಟಿಗೆ ಮಾತ್ರೆ ತಗೊಳ್ಳಿ ಅಕ್ಕ," ಎಂದಳು ಕಲಾ.

ಉಳಿದವನು ಚಲಪತಿ. ಅವರ ಕಾರಿನಲ್ಲೇ ಬಂದವನು, ಅವರ ಜೊತೆಯಲ್ಲೇ ಹೋಗಬೇಕಾದವನು. ಎದ್ದು ನಿಂತಿದ್ದ, ಆದರೆ ಬಾಗಿಲ ಕಡೆಗೆ ಹೆಜ್ಜೆ ಹಾಕಿರಲಿಲ್ಲ. ತಟ್ಟೆಯಲ್ಲಿ ನಾರು ಬಿಚ್ಚಿದ ಎರಡು ಉಂಡೆಗಳಿದ್ದವು. ಇನ್ನೂ ಹಬೆಯಾಡುತ್ತಿದ್ದವು.

"ಅವತ್ತು ಚೆನ್ನಾಗಿತ್ತಮ್ಮಾ," ಎಂದ, ನೆಲ ನೋಡುತ್ತ.

"ಇವತ್ತೂ ಚೆನ್ನಾಗಿದೆ ಅಣ್ಣ. ಕೂತ್ಕೊಳಿ."

ಅವನ ಕೈ ಕುರ್ಚಿಯ ಬೆನ್ನಿನ ಮೇಲಿತ್ತು. ಬೆರಳುಗಳು ಒಮ್ಮೆ ಬಿಗಿದು ಸಡಿಲವಾದವು. ಕೊಳಾಯಿಯ ಕಡೆಯಿಂದ ಕಾರಿನ ಹಾರನ್ನು ಕೇಳಿಸಿತು. ಕಲಾ ಕಾದಳು. ಸೆಲ್ವರಾಜನೂ ಕಾದ. ಎರಡನೆಯ ಸಲ ಹಾರನ್ನು ಉದ್ದಕ್ಕೆ ಬಂತು. ಚಲಪತಿ ಕುರ್ಚಿಯಿಂದ ಕೈ ತೆಗೆದ.

"ಸಂಕಷ್ಟಿ," ಎಂದು ಯಾರಿಗೋ ಹೇಳುವಂತೆ ಹೇಳಿದ.

"ಒಂದ್ನಿಮಿಷ ಇರಿ," ಎಂದಳು ಕಲಾ. ಟೇಬಲ್ಲಿನ ಮೇಲಿದ್ದ ಮೂವರ ಗ್ಲಾಸುಗಳನ್ನು ಎತ್ತಿಕೊಂಡಳು. ಅಡಿಯಲ್ಲಿ ವೈನು ಕೆಂಪಗೆ ಉಳಿದಿತ್ತು, ಅಂಚಿನಲ್ಲಿ ಚಿಪ್ಸಿನ ಜಿಡ್ಡಿತ್ತು. ಒಂದೊಂದನ್ನೂ ಜೋಪಾನವಾಗಿ ಪೆಟ್ಟಿಗೆಯ ಕಾಗದದ ಗೂಡಿಗೆ ಇಳಿಸಿ, ಗಂಡನ ಗ್ಲಾಸನ್ನೂ ತನಗೆಂದು ಇಟ್ಟಿದ್ದ ಗ್ಲಾಸನ್ನೂ ಅವುಗಳ ಪಕ್ಕ ಸೇರಿಸಿ, ಮುಚ್ಚಿ ಚಲಪತಿಯ ಕೈಗೆ ಕೊಟ್ಟಳು.

"ಆದಿಯಣ್ಣಂಗೆ ಕೊಡಿ. ತೊಳೆದಿಲ್ಲ ಅನ್ನಿ. ಹೊಸಾವು, ತೊಳೆಯೋದ್ ಬೇಡ ಅಂತ ಅಕ್ಕಾನೇ ಹೇಳಿದ್ರು."

ಚಲಪತಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊರಟ. ಲೈನಿನ ಉದ್ದಕ್ಕೂ ಗ್ಲಾಸುಗಳು ಒಂದಕ್ಕೊಂದು ತಾಗುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಕಾರಿನ ಬಾಗಿಲು ಬಡಿದದ್ದು, ಕಾರು ಹೊರಟದ್ದು ಕೇಳಿಸಿತು.

ಸೆಲ್ವರಾಜ್ ಬಿದ್ದಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಅದರಲ್ಲೇ ಕೂತ. ಬೆಡ್‌ಶೀಟಿನ ಮೇಲಿನ ಸಾರಿನ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ಹೊರಗೆ ಬೆಳಕು ಹೋಗುತ್ತಿತ್ತು. ಕಲಾ ಲೈಟು ಹಾಕಿದಳು.

"ನಂಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದ, ತಮಿಳಿನಲ್ಲಿ.

"ಹೇಳಿದ್ದರೆ, ಗೊತ್ತಿಲ್ಲದೆಯಾದರೂ ನಮ್ಮ ಅಡುಗೆ ತಿಂದರಲ್ಲ ಎಂದು ನೀವು ಖುಷಿಪಡುತ್ತಿದ್ದಿರಿ," ಎಂದಳು ಕಲಾ.

ಅವನು ತಲೆಯೆತ್ತಿ ಅವಳನ್ನು ನೋಡಿದ, ಮತ್ತೆ ತಗ್ಗಿಸಿದ. ಆಮೇಲೆ ಎದ್ದುಹೋಗಿ ಅಡುಗೆಮನೆಯಿಂದ ಎರಡು ಸ್ಟೀಲ್ ಲೋಟ ತಂದು, ಬಾಟಲಿಯಲ್ಲಿ ಉಳಿದಿದ್ದನ್ನು ಸರಿಸಮನಾಗಿ ಸುರಿದ. ಕಲಾ ಜಜ್ಜಿಹೋದ ಉಂಡೆಯಿದ್ದ ತಟ್ಟೆಯನ್ನು ತೆಗೆದಿಟ್ಟು, ಬೇರೆ ತಟ್ಟೆಗೆ ತೆಂಗಿನಹಾಲಿನ ಹಳದಿ ಅನ್ನ ಹಾಕಿ, ಪಾತ್ರೆಯಿಂದ ಹೊಸದಾಗಿ ಒಂದು ಉಂಡೆ ಎತ್ತಿ ಅದರ ಪಕ್ಕಕ್ಕಿಟ್ಟಳು. ತುದಿ ಬೇಗ ಸಿಗಲಿಲ್ಲ. ಸಾರಿನಲ್ಲಿ ಬೆರಳಾಡಿಸಿ ಹುಡುಕಿದಳು. ಸೆಲ್ವರಾಜ್ ಲೋಟ ಕೆಳಗಿಟ್ಟು ಕಾದ. ಸಿಕ್ಕಿತು, ಎಳೆದಳು. ನಾರು ಸುತ್ತು ಸುತ್ತಾಗಿ ಬಿಚ್ಚಿಕೊಂಡು ಬಂತು, ಉಂಡೆ ಇದ್ದಲ್ಲೇ ನಿಂತಿತು.